ಬಸ್ತಾ ಅಂದರೆ ಬಸಿಯುವುದಲ್ಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಲು ಬರುವುದಿಲ್ಲ. ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಹೇಳಬೇಕಾದ್ದು ಇಷ್ಟೇ: ಯಾರು ಏನು ಹೇಳಿದರೂ ನನಗೆ ಇನ್ನೇನೋ ಕೇಳಿಸುತ್ತದೆ. ಇದು ಆಗಾಗ ಆಗುತ್ತಲೇ ಇರುತ್ತದೆ. ಆದರೆ ಎಂಬತ್ತರ ದಶಕದ ಆ ರಜೆಯಲ್ಲಿ ಆದಷ್ಟು ಮತ್ತೆಂದೂ ಆಗಿಲ್ಲ.

೧. ಇಟಾಲಿಯನ್ ಯಾಕೆ

ಆಗ ನನಗೆ ಚಿಕಾಗೋದಲ್ಲಿ ಕೆಲಸ. ಹದಿನೈದು ದಿನ ರಜೆ ಹಾಕಿ ಸರಟೋಗಾದಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ವಿಶ್ರಾಂತಿಗೆ ಅಂತ ನಾನು ಅಂದುಕೊಂಡಿದ್ದೆ. ಅಕ್ಕ ನನಗೊಂದು ಸಂಬಂಧ ನೋಡಿಟ್ಟಿದ್ದಳು. ಹುಡುಗಿ ಫಾಸ್ಟರ್ ಸಿಟಿಯಲ್ಲಿದ್ದ ಡಾಕ್ಟರು, ಧಾರವಾಡದ ಕಡೆಯವಳು. ಊರಿನಿಂದ ಬಂದಿದ್ದ ಅವಳ ತಂದೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದರಂತೆ: "ನಮ್ಮ ಹುಡುಗಿ ದವಾಖಾನಿ ಡ್ಯೂಟಿ ಮುಗಿಸಿ ಬಂದು ಒಲಿ ಮುಂದ ನಿಂದ್ರೂದುಲ್ಲ. ಹುಡುಗಗ ಅಡಗಿ ಬರ್ತದೇನು?"

"ಬರುತ್ತೆ ಅಂದೆ," ಅಂದಳು ಅಕ್ಕ. "ಮುಂದಿನ ಭಾನುವಾರ ಊಟಕ್ಕೆ ಬರ್ತಾರೆ. ನೀನೇ ಮಾಡಬೇಕು."

ನನಗೆ ಬರುತ್ತಿದ್ದುದು ಕಾಫಿ. ಆದರೆ ಬೇಡ ಅನ್ನಲು ಬಾಯಿ ಬರಲಿಲ್ಲ. ಆ ಹುಡುಗಿಯನ್ನು ಹಿಂದಿನ ವರ್ಷ ಅಕ್ಕನ ಮನೆಗೆ ಬಂದಾಗ ಒಂದು ಯುಗಾದಿ ಕೂಟದಲ್ಲಿ ನೋಡಿದ್ದೆ. "ಉಪ್ಪಿನಕಾಯಿ ಆ ಕಡೆ ಅದ," ಅಂತ ನನಗೆ ಹೇಳಿದ್ದಳು. ಅಷ್ಟೇ ಮಾತು. ನನ್ನ ಮಟ್ಟಿಗೆ ಅಷ್ಟರಲ್ಲೇ ಎಲ್ಲ ತೀರ್ಮಾನವಾಗಿತ್ತು.

"ಹಾಗಾದ್ರೆ ಸಾರು ಮಾಡೋದು ಹೇಳಿಕೊಡು," ಅಂದೆ.

"ಸಾರು ಮಾಡಿದ್ರೆ ನಾನು ಮಾಡಿದ್ದು ಅಂತಾರೆ ಕಣೋ. ಇಟಾಲಿಯನ್ ಮಾಡು. ನಾನು ಮಾಡಿದ್ದಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ."

ಈ ತರ್ಕ ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಾರನೇ ದಿನವೇ ಸ್ಯಾನ್ ಹೋಸೆಯ ಒಬ್ಬ ಇಟಾಲಿಯನ್ ಅಜ್ಜಿಯ ಮನೆಯ ಅಡುಗೆ ಕ್ಲಾಸಿಗೆ ನನ್ನನ್ನು ಕಾರಿನಲ್ಲಿ ತಂದು ಇಳಿಸಿಹೋದಳು.

೨. ಹಲ್ಲಿನ ವಿಷಯ

ಕ್ಲಾಸಿನಲ್ಲಿ ನನ್ನನ್ನು ಬಿಟ್ಟು ನಾಲ್ಕು ಜನ ಅಮೆರಿಕನ್ ಹೆಂಗಸರು. ಪಾಸ್ತಾ "ಅಲ್ ದೆಂತೆ" ಬೇಯಬೇಕು, ಅಂದರೆ ಕಚ್ಚಿದರೆ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು, ದೆಂತೆ ಅಂದರೆ ಹಲ್ಲು ಅಂತ ಅಜ್ಜಿ ವಿವರಿಸಿದರು.

ನನಗೆ ಮೈ ಜುಮ್ಮೆಂದಿತು. ದೆಂತೆ, ದಂತ! ಕ್ಲಾಸಿನಲ್ಲಿ ನನಗೆ ಅರ್ಥವಾದ ಮೊದಲ ಮಾತು ಅದು. ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಸಂಭ್ರಮಕ್ಕೆ ಮಾತು ಹೊರಡದೆ, ನನ್ನ ದವಡೆಹಲ್ಲು ಮುಟ್ಟಿ ತೋರಿಸುತ್ತಾ "ದಂತ! ದಂತ!" ಅಂದೆ.

ಅಜ್ಜಿಯ ಮುಖ ಬಾಡಿತು. "ಅಯ್ಯೋ ಪಾಪ, ಮೊದಲೇ ಹೇಳಬಾರದಾ ಮಗು?" ಅಂದವರು ನನ್ನ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು, ಇನ್ನೂ ಅರ್ಧ ಗಂಟೆ ಬೇಯಿಸಿದರು. ಉಳಿದವರು ಪಾಸ್ತಾ ತಿಂದರು. ನಾನು ಗಂಜಿ ಕುಡಿದೆ, ಅದೂ ಚಮಚದಲ್ಲಿ.

೩. ಬಸ್ತಾ

ಇದಕ್ಕೆ ಮೊದಲು ಒಂದು ವಿಷಯ ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಅನ್ನದ ಗಂಜಿ ಬಸಿಯುವುದು ರೂಢಿ. ಅಮ್ಮ ನಡುಮನೆಯಿಂದ "ಬಸೀತಾ?" ಅಂತ ಕೇಳುತ್ತಿದ್ದರು. ಅವರ ಅವಸರದಲ್ಲಿ ಅದು "ಬಸ್ತಾ?" ಅಂತಲೇ ಕೇಳಿಸುತ್ತಿತ್ತು. ಕೇಳಿದ ತಕ್ಷಣ ಬಸಿಯದಿದ್ದರೆ ಬೈಗುಳ.

ಮೂರನೇ ಕ್ಲಾಸಿನಲ್ಲಿ ಕುದಿಯುವ ನೀರಿಗೆ ಪಾಸ್ತಾ ಬಿಟ್ಟು, ಉಪ್ಪು ಹಾಕುತ್ತಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ.

"ಬಸ್ತಾ!" ಅಂದರು ಅಜ್ಜಿ.

ಕೈ ತಾನಾಗಿ ಪಾತ್ರೆ ಎತ್ತಿತು. ಬಸಿದೆ.

"ಬಸ್ತಾ! ಬಸ್ತಾ!"

ಇಷ್ಟು ಅವಸರ ಅಂದರೆ ಎಲ್ಲರದ್ದೂ ಬಸಿಯಬೇಕೇನೋ ಅನ್ನಿಸಿ, ಪಕ್ಕದವರ ಪಾತ್ರೆಯನ್ನೂ ಬಸಿದೆ. ಅಜ್ಜಿ ಕೂಗಿದಷ್ಟೂ ನನ್ನ ವೇಗ ಹೆಚ್ಚಿತು. ನಾಲ್ಕನೆಯ ಹೆಂಗಸು ಮಾತ್ರ ತನ್ನ ಪಾತ್ರೆಯನ್ನು ಅಪ್ಪಿಕೊಂಡು ಹಿತ್ತಲಿಗೆ ಓಡಿದಳು.

ಬಸ್ತಾ ಅಂದರೆ "ಸಾಕು" ಅಂತೆ.

"ಇದೇನು?" ಅಂತ ಅಜ್ಜಿ ನಾನು ದೊಡ್ಡ ಬೋಗುಣಿಯಲ್ಲಿ ಜೋಪಾನವಾಗಿ ಹಿಡಿದಿಟ್ಟ ಬಸಿದ ನೀರು ತೋರಿಸಿ ಕೇಳಿದರು. ಬಸ್ಸಾರು ಅಂತ ಒಂದು ಸಾರಿದೆ, ಅದಕ್ಕೆ ಬಸಿದ ನೀರೇ ಬೇಕು, ಹಾಗಾಗಿ ನಮ್ಮಲ್ಲಿ ಚೆಲ್ಲುವುದಿಲ್ಲ ಅಂತ ವಿವರಿಸಿದೆ. ಅಜ್ಜಿ ನನ್ನ ಕೆನ್ನೆ ಹಿಂಡಿದರು. "ನಾವೂ ಚೆಲ್ಲಲ್ಲ, ಗೊಜ್ಜಿಗೆ ಹಾಕ್ತೀವಿ. ನೀನು ಹೋದ ಜನ್ಮದಲ್ಲಿ ಇಟಾಲಿಯನ್ ಆಗಿದ್ದೆ. ಈ ಜನ್ಮದಲ್ಲಿ ಮಾತ್ರ ಬೇರೆಯವರ ಪಾತ್ರೆ ಮುಟ್ಟಬೇಡ."

೪. ಭಾನುವಾರ

ಕೊನೆಯ ದಿನ ಅಜ್ಜಿ ನನಗೊಂದು ಏಪ್ರನ್ನು ಕೊಟ್ಟರು. ಎದೆಯ ಮೇಲೆ ಕೆಂಪು ದಾರದಲ್ಲಿ ದೊಡ್ಡದಾಗಿ MANGIA ಅಂತ ಕಸೂತಿ. ಇಟಾಲಿಯನ್ನರು ಅದನ್ನು "ಮಾಂಜಾ" ಅನ್ನುತ್ತಾರೆ, "ತಿನ್ನು" ಅಂತ ಅರ್ಥ. ಭಾನುವಾರ ಟೊಮೇಟೊ ಗೊಜ್ಜಿನ ಪಾಸ್ತಾ ಮಾಡಿ, ಧೈರ್ಯಕ್ಕೆ ಆ ಏಪ್ರನ್ನು ತೊಟ್ಟೇ ಬಡಿಸಲು ಬಂದೆ.

ಹುಡುಗಿಯ ತಂದೆ ಕನ್ನಡಕ ಹಾಕಿಕೊಂಡು ನನ್ನ ಎದೆಯನ್ನು ಒಂದೊಂದೇ ಅಕ್ಷರವಾಗಿ ಓದಿದರು.

"ಮಂ... ಗ್ಯಾ." ಕನ್ನಡಕ ತೆಗೆದರು. "ಯಾಕಪಾ ತಮ್ಮಾ, ಎದಿ ಮ್ಯಾಲೆ ಮಂಗ್ಯಾ ಅಂತ ಬರಕೊಂಡೀಯಲ್ಲ?"

ಅವರ ಕಡೆ ಕೋತಿಗೆ ಮಂಗ್ಯಾ ಅನ್ನುತ್ತಾರೆ ಅಂತ ನನಗೆ ಆಗಷ್ಟೇ ಹೊಳೆಯಿತು. ಗಾಬರಿಯಲ್ಲಿ, "ಇಲ್ಲ ಸಾರ್, ತಿನ್ನು ಅಂತ ಅರ್ಥ," ಅಂದೆ.

"ಮಂಗ್ಯಾನ್ನ?" ಅವರು ತಟ್ಟೆಯನ್ನು ದೂರ ತಳ್ಳಿದರು. "ನಾವು ಶಾಕಾಹಾರಿ ಅಂತ ನಿಮ್ಮ ಅಕ್ಕ ಹೇಳಿಲ್ಲೇನು?"

ಅಕ್ಕ ಕಣ್ಣಿನಲ್ಲೇ ನನ್ನನ್ನು ಸುಟ್ಟಳು. ಸಂಬಂಧ ಮುರಿಯಿತು ಅಂತ ನಾನು ನೆಲ ನೋಡುತ್ತಾ ನಿಂತೆ. ಅಷ್ಟರಲ್ಲಿ ಹುಡುಗಿ ನಕ್ಕಳು. ನೀರು ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. ಕಣ್ಣೊರೆಸಿಕೊಂಡು ತಟ್ಟೆ ಖಾಲಿ ಮಾಡಿ, ಅಪ್ಪನಿಗೆ ಹೇಳಿದಳು: "ಅಪ್ಪಾ, ಹತ್ತು ಹುಡುಗರನ್ನ ನೋಡಿದ್ವಿ. ಅವರು ಎಂಥಾವ್ರು ಅಂತ ನಾವ ಕಂಡುಹಿಡೀಬೇಕಾತು. ಇವರು ಬರಕೊಂಡ ಬಂದಾರ. ಇವರಿರಲಿ."

ಹೀಗೆ ನಿಶ್ಚಯವಾಯಿತು. ಆದರೆ ಓದುವವರಿಗೆ ತಪ್ಪು ತಿಳಿವಳಿಕೆ ಇರಬಾರದು, ಅದಕ್ಕೆ ಹೇಳುತ್ತೇನೆ: ಅದು ಮಂಗ್ಯಾ ಅಲ್ಲ, ಮಾಂಜಾ. ಇಟಾಲಿಯನ್‌ನಲ್ಲಿ ಜಿ ಆದಮೇಲೆ ಐ ಬಂದರೆ "ಜ" ಆಗುತ್ತದೆ. ನಡುವೆ ಎಚ್ ಬಂದರೆ ಮಾತ್ರ "ಗ". ಸ್ಪಗೆಟ್ಟಿಯಲ್ಲಿ ಒಂದು ಎಚ್ ಇದೆಯಲ್ಲ, ಅದು ಅಲ್ಲಿ ಯಾಕಿದೆ ಅಂದರೆ—

"ಏ ಮಂಗ್ಯಾ! ಊಟಕ್ಕ ಬಾ!"

ಹೆಂಡತಿ. ಒಂದು ನಿಮಿಷ ಇರಿ, ಆ ಎಚ್ ಏನೆಂದರೆ