ಮಾವನ ಕಾಲುದಾರಿ

ಮುಳ್ಳೇರಿಯದಿಂದ ಹೊಸಂಗಡಿಗೆ ಅತ್ಯಂತ ಉದ್ದದ ದಾರಿ ಕಂಡುಹಿಡಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನನ್ನ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ! ಬಸ್ಸು ಬಂದು ವರ್ಷಗಳಾದರೂ ಅವರದು ನಡಿಗೆಯೇ. ಅದೂ ರಸ್ತೆಯಲ್ಲಿ ಅಲ್ಲ. ಗುಡ್ಡ ಹತ್ತಿ, ಮುರಕಲ್ಲಿನ ಬೋಳು ಪಾರೆ ದಾಟಿ, ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದು, ದೋಣಿಯಲ್ಲಿ ಹೊಳೆ ದಾಟಿ, ಬಂದ್ಯೋಡಿನ ತೆಂಗಿನ ತೋಟಗಳಲ್ಲಿ ನುಗ್ಗಿ! ಇಷ್ಟು ಸುತ್ತು ಯಾಕೆ? ದಾರಿಹೋಕರಿಗೆ ಬೆಲ್ಲ-ನೀರು ಕೊಡುವ ಮನೆಗಳನ್ನೆಲ್ಲ ಮುಟ್ಟಿಯೇ ಹೋಗಬೇಕಲ್ಲ!

"ಬಸ್ಸಿನಲ್ಲಾದ್ರೆ ಬೇಗ ಮುಟ್ಟುದಿಲ್ವಾ ಮಾವ?"

"ಬೇಗ ಮುಟ್ಟಿ ಎಂತ ಮಾಡುದು? ಕಂಡಕ್ಟರ ಬೆಲ್ಲ ಕೊಡ್ತಾನಾ?"

ಒಂದು ಮನೆಯವರು ಗುಡ್ಡದ ಆಚೆ ಹೊಸ ಮನೆ ಕಟ್ಟಿಕೊಂಡು ಹೋದರು. ಮಾವನ ದಾರಿಯೂ ಅವರ ಹಿಂದೆಯೇ ಗುಡ್ಡ ಹತ್ತಿತು!

ಹೊಸಂಗಡಿಯಲ್ಲಿ ಗಂಡನ ಮನೆಯಲ್ಲಿದ್ದ ನನ್ನ ಅಕ್ಕನಿಗೆ ಎರಡನೇ ಹೆರಿಗೆ ಹತ್ತಿರವಾಯಿತು. ಮೊದಲ ಮಗು ಉಳಿದಿರಲಿಲ್ಲ. ಅಮ್ಮ ಜ್ವರದಿಂದ ಏಳುವ ಹಾಗಿರಲಿಲ್ಲ.

"ಅಣ್ಣಾ, ಇದೊಂದು ಸಲ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬನ್ನಿ ಮಾರಾಯ್ರೆ."

"ಬಸ್ಸು ಹಾಳಾದ್ರೆ ಎಂತ ಮಾಡುದು? ನನ್ನ ಕಾಲಿಗೆ ರಿಪೇರಿಯೇ ಬೇಡ!"

ಹೋದವರ ಸುದ್ದಿಯಿಲ್ಲದೆ ಮೂರು ದಿನ ಕಳೆಯಿತು. ಯಾವ ಜಗಲಿಯಲ್ಲಿ ಬೆಲ್ಲ ಕಚ್ಚುತ್ತಿದ್ದಾರೋ ಎಂದು ನಾನು ಹಲ್ಲು ಕಡಿದೆ. ಅಮ್ಮ ಗಂಜಿಯನ್ನೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಸಂಜೆ ಎದುರು ಗುಡ್ಡದಿಂದ ಕೂ ಕೇಳಿಸಿತು. ಮನೆಯಿಂದ ಮನೆಗೆ ಹಾಗೆ ಕೂಗಿ ಸುದ್ದಿ ಮುಟ್ಟಿಸುವುದು ನಮ್ಮ ಕಡೆಯ ಪದ್ಧತಿ.

"ಹೆಣ್ಣು ಮಗೂ! ಇಬ್ಬರೂ ಹುಷಾರುಂಟಂತೇ! ನಿಮ್ಮ ಅಣ್ಣ ಹೊಳೆ ದಾಟಿದ್ರಂತೇ!"

ಮಾವ ದಾರಿಯ ಮನೆಯೊಂದರಲ್ಲಿ ನಡೆಯುತ್ತಲೇ ಹೇಳಿದ್ದರು, ಅಷ್ಟೇ. ಅಲ್ಲಿಂದ ಅವರಿಗೆ ಗೊತ್ತಾಗದೆಯೇ ಗುಡ್ಡ ಗುಡ್ಡ ಹಾರಿ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಜ್ವರದಲ್ಲೇ ಎದ್ದು ಬಂದ ಅಮ್ಮ ಕಂಬಕ್ಕೆ ಒರಗಿ ಅತ್ತಳು. ಮೂರು ದಿನದ ಮೇಲೆ ನನಗೂ ಉಸಿರು ಬಂದ ಹಾಗಾಯಿತು.

ಒಂದು ಗಂಟೆಯ ಮೇಲೆ ಮಾವ ಬಂದರು. ಏದುಸಿರು, ಎಡವಿದ ಹೆಬ್ಬೆರಳಿನಲ್ಲಿ ರಕ್ತ. ಈ ಸಲ ಎಲ್ಲೂ ಕೂತಿರಲಿಲ್ಲವಂತೆ! ಸುದ್ದಿಯನ್ನು ಮೊದಲು ತಂದವನು ತಾನೇ ಎಂಬ ಹೆಮ್ಮೆ ಮುಖದಲ್ಲಿ ಹೊಳೆಯುತ್ತಿತ್ತು. "ನಮಗೆ ಗೊತ್ತುಂಟು!" ಎನ್ನಲು ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಚಿವುಟಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂಗಳಕ್ಕೆ ಇಳಿದಳು.

"ಎಂತಾಯ್ತು ಅಣ್ಣಾ? ಬೇಗ ಹೇಳಿ, ನನಗೆ ಜೀವವೇ ಇಲ್ಲ."