ವಿಮಾನದ ವೇಗ, ಅಮ್ಮನ ಕಾಲು

ವಾದದಲ್ಲಿ ಗೆದ್ದವನಿಗೆ ಕಪ್ ಸಿಗುತ್ತದೆ, ಮನೆಯಲ್ಲಿ ಊಟ ಸಿಗುವುದು ಖಾತ್ರಿಯಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಈ ಸತ್ಯವನ್ನು ದೇವನಹಳ್ಳಿಯ ನಮ್ಮ ನಡುಮನೆಯಲ್ಲೇ ಕಲಿತೆ. "ಆಧಾರ ಏನು?" ಎಂದು ಕೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಅಕ್ಕ ಶ್ರುತಿಗೆ ಬಂದಿದ್ದ ಹಿಂದಿನ ಸಂಬಂಧ ಮುರಿದದ್ದೇ ಇದರಿಂದ. ಗಂಡಿನ ಕಡೆಯವರು ಸರಳ ಮದುವೆ ಸಾಕು ಎಂದರು. ನಾನು ಸರಳ ಎಂಬುದರ ವ್ಯಾಖ್ಯೆ ಕೇಳಿದೆ. ವ್ಯಾಖ್ಯೆ ಹುಡುಕಲು ಹೋದವರು ವಾಪಸು ಬರಲಿಲ್ಲ.

ಹಾಗಾಗಿ ಈ ಸಲ ಅನುಗೊಂಡನಹಳ್ಳಿಯ ಮಂಜುನಾಥ ತನ್ನ ಅಪ್ಪ ಅಮ್ಮನೊಂದಿಗೆ ಹೆಣ್ಣು ನೋಡಲು ಬರುವ ದಿನ ಅಕ್ಕ ಬೆಳಿಗ್ಗೆಯೇ ಎಚ್ಚರಿಸಿದಳು. "ಲೋ, ಫೋಟೋ ನೋಡಿದಾಗ್ಲೇ ಇವ್ನು ನಂಗೆ ಇಷ್ಟ ಆಗಿದಾನೆ ಕಣೋ. ಕೆಡಿಸಿದ್ರೆ ಈ ಜನ್ಮದಲ್ಲಿ ನಿನ್ ಹತ್ರ ಮಾತಾಡಲ್ಲ." ಅಮ್ಮನಿಗೆ ಬರೀ ಎಚ್ಚರಿಕೆಯಲ್ಲಿ ನಂಬಿಕೆಯಿಲ್ಲ. ಸೋಫಾದಲ್ಲಿ ನನಗೆ ಅಂಟಿಕೊಂಡೇ ಕೂತಳು.

ಮಂಜುನಾಥನದು ವಿಮಾನ ರಿಪೇರಿಯ ಕೆಲಸ. ಹೆಗಲ ಮೇಲೆ ಟವೆಲ್ ಹಾಕಿದ್ದ ಅವನ ತಂದೆ, "ಪ್ಲೇನು ತಾನಾಗೇ ಸ್ಪೀಡ್ ನೋಡ್ಕೊಳ್ತದಂತೆ, ಹೇಳ್ಲಾ" ಎಂದು ಮಗನನ್ನು ಮುಂದೆ ತಳ್ಳಿದರು. ಅವನು ನಾಚಿಕೊಂಡೇ ಆಟೋ ಥ್ರಾಟಲ್ ಎಂಬ ವ್ಯವಸ್ಥೆಯನ್ನು ವಿವರಿಸಿದ. "ವೇಗ ತೀರಾ ಕಮ್ಮಿ ಆದ್ರೆ ರೆಕ್ಕೆ ವಿಮಾನನ ಎತ್ತಿ ಹಿಡಿಯಲ್ಲ. ಆಗ ಇದು ತಾನೇ ಇಂಜಿನ್ ಶಕ್ತಿ ಜಾಸ್ತಿ ಮಾಡುತ್ತೆ. ವೇಗ ಮಿತಿ ಮೀರೋ ಹಾಗಿದ್ರೆ ತಾನೇ ಕಮ್ಮಿ ಮಾಡುತ್ತೆ."

"ಪೈಲಟ್ ಒಂದು ಹೇಳಿ, ಯಂತ್ರ ಇನ್ನೊಂದು ಹೇಳಿದ್ರೆ?" ಎಂದೆ. ಅಮ್ಮನ ಕಾಲಿನ ಹೆಬ್ಬೆರಳು ನನ್ನ ಪಾದದ ಮೇಲೆ ಕೂತಿತು.

"ಪೈಲಟ್ ಅದನ್ನ ಆಫ್ ಮಾಡ್ಬೋದು ಬ್ರದರ್."

"ಯಂತ್ರಾನೇ ನಿದ್ದೆ ಹೊಡೆದ್ರೆ?" ಹೆಬ್ಬೆರಳ ಜೊತೆ ಹಿಮ್ಮಡಿಯೂ ಬಂತು.

"ಕೆಲವು ಸಂದರ್ಭದಲ್ಲಿ ಅದು ಎಚ್ಚರ ಆಗಲ್ಲ, ನಿಜ. ಅದ್ಕೇ ಅದನ್ನೇ ನಂಬ್ಕೊಂಡು ಕೂರಂಗಿಲ್ಲ. ಸ್ಪೀಡ್ ಮೇಲೆ ಪೈಲಟ್‌ಗೂ ಕಣ್ಣಿರ್ಬೇಕು."

ತನ್ನ ಪಕ್ಷದ ದೋಷವನ್ನು ತಾನೇ ಒಪ್ಪಿಕೊಳ್ಳುವ ಎದುರಾಳಿ ಅದುವರೆಗೆ ನನಗೆ ಸಿಕ್ಕಿರಲಿಲ್ಲ. ಇಂಥವನನ್ನು ಸೋಲಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿರುವಾಗ ಅಡುಗೆಮನೆಯಿಂದ ಬೋಂಡ ಸೀದ ವಾಸನೆ ಬಂತು. ಅಮ್ಮ ಎದ್ದು ಓಡಿದಳು. ಸರಿಯಾಗಿ ಆಗಲೇ ಅವನ ತಂದೆ, "ಜಾತಕಾನೂ ತೋರಿಸ್ದೋ. ಚೆನ್ನಾಗಿ ಕೂಡ್ತದೆ ಅಂದ್ರು ಜೋಯಿಸ್ರು" ಎಂದರು.

ಪಾದ ಹಗುರವಾಗಿತ್ತು. "ನಿಮ್ ಮಗನ ಯಂತ್ರ ಕೈಕೊಟ್ರೆ ಎಚ್ಚರಿಕೆ ಗಂಟೆನಾದ್ರೂ ಹೊಡ್ಕೊಳುತ್ತೆ. ಜೋಯಿಸರ ಮಾತು ಕೈಕೊಟ್ರೆ ಯಾವ ಗಂಟೆ ಹೊಡ್ಕೊಳುತ್ತೆ?"

ಪ್ರಶ್ನೆ ಅತ್ಯುತ್ತಮವಾಗಿತ್ತು, ಈಗಲೂ ಹಾಗೇ ಅನ್ನುತ್ತೇನೆ. ಚಪ್ಪಾಳೆ ಮಾತ್ರ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಅಕ್ಕನ ಮುಖ ಕಂಡಿತು, ಕಣ್ಣು ತುಂಬಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೆಂದರೆ, ಮಂಜುನಾಥನ ತಂದೆ "ಹುಡ್ಗಿ ತಮ್ಮಂಗೆ ಮನಸ್ಸಿಲ್ಲ ಅನ್ಸ್ತದೆ. ಬರ್ತೀವಿ" ಎಂದು ಟವೆಲ್ ಕೊಡವಿ ಎದ್ದರು.

ತಟ್ಟೆ ಹಿಡಿದು ಬಂದ ಅಮ್ಮ ಎಲ್ಲರ ಮುಖ ನೋಡಿದಳು, ಪಕ್ಕಕ್ಕೆ ಬಂದು ನನ್ನ ಪಾದ ತುಳಿದಳು. ನಾನು ತುಟಿಯನ್ನು ಇನ್ನಷ್ಟು ಬಿಗಿ ಹಿಡಿದೆ. ಇನ್ನೂ ಜೋರಾಗಿ ತುಳಿದಳು. ಇದು ನಿಲ್ಲಿಸು ಎನ್ನುವ ತುಳಿತವಲ್ಲ, ಮಾತಾಡು ಎನ್ನುವ ತುಳಿತ ಎಂದು ಆಗ ಹೊಳೆಯಿತು.

"ತಪ್ಪಾಯ್ತು ಯಜಮಾನ್ರೇ. ಅಕ್ಕಂಗೆ ನಿಮ್ ಮಗ ಇಷ್ಟ. ನಂಗೂ ಇಷ್ಟ. ನನ್ ಬಾಯಿ ಒಂದೇ ಸರಿಯಿಲ್ಲ."

ಹಿರಿಯರು ನನ್ನ ಮುಖವನ್ನೂ ಅಮ್ಮನ ಕಾಲನ್ನೂ ನೋಡಿದರು. ಪಕ್ಕದಲ್ಲಿದ್ದ ಹೆಂಡತಿಯತ್ತ ತಲೆಯಾಡಿಸಿ, "ನಂಗೆ ಇವ್ಳು ತೊಡೆ ಚಿವುಟ್ತಾಳೆ" ಎಂದು ಮತ್ತೆ ಕೂತು ಬೋಂಡಕ್ಕೆ ಕೈ ಹಾಕಿದರು.

ಹೊರಡುವಾಗ ಮಂಜುನಾಥ ಮೆಲ್ಲಗೆ, "ಅಮ್ಮ ಒಳಗೆ ಹೋದಾಗ ಸ್ಪೀಡ್ ನೀವೇ ನೋಡ್ಕೋಬೇಕು ಬ್ರದರ್" ಎಂದ. ಇದಕ್ಕೆ ನನ್ನ ಬಳಿ ಮೂರು ಪ್ರತಿವಾದಗಳಿದ್ದವು. ಒಂದನ್ನೂ ಹೇಳಲಿಲ್ಲ.

ಮುಂದಿನ ತಿಂಗಳು ನಿಶ್ಚಿತಾರ್ಥ. ಜೋಯಿಸರೂ ಬರುತ್ತಾರಂತೆ. ಮನುಷ್ಯ ತನ್ನ ಹಿಡಿತವನ್ನು ಇನ್ನೊಂದರ ಕೈಗೆ ಒಪ್ಪಿಸಬಾರದು ಎಂಬ ನನ್ನ ನಿಲುವೇನೂ ಬದಲಾಗಿಲ್ಲ. ಅಮ್ಮನ ಪಕ್ಕದ ಕುರ್ಚಿ ನನಗೇ ಇರಲಿ ಎಂದು ಮಾತ್ರ ಈಗಲೇ ಹೇಳಿಟ್ಟಿದ್ದೇನೆ. ಅಡುಗೆಗೆ ಬೇರೆಯವರನ್ನು ಗೊತ್ತುಮಾಡಿ ಎಂದೂ.