ಲೈಬ್ರರಿಗೆ ಕಾವಲು ಕೂತ ನಮ್ಮತ್ತೆ

ಇಂಟರ್ನೆಟ್ಟನ್ನು ಕಂಡುಹಿಡಿದ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ನಮ್ಮ ಸೋದರತ್ತೆಯನ್ನು ಒಮ್ಮೆ ನೋಡಿದ್ದರೆ ಖಂಡಿತ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ!

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅಲ್ಲಿ ಅತ್ತೆಗೆ ಸಣ್ಣದೊಂದು ಕಾಫಿ ತೋಟ, ದೊಡ್ಡದೊಂದು ಗಂಟಲು. ಪಂಚಾಯಿತಿ ಲೈಬ್ರರಿಗೆ ಮೂರು ಕಂಪ್ಯೂಟರ್ ಬಂದಾಗ ಊರು ಎರಡು ಪಾಲಾಯಿತು. ಮಕ್ಕಳು ಕೆಟ್ಟುಹೋಗುತ್ತಾರೆ, ಬೀಗ ಹಾಕಿಡಿ ಎಂದವರ ಮುಂದಾಳು ದಿನಸಿ ಅಂಗಡಿಯ ಯಜಮಾನರು. ಲೈಬ್ರರಿ ಸಮಿತಿಗೆ ಅಧ್ಯಕ್ಷರೂ ಅವರೇ. ಎಸ್ಟೇಟ್ ಕೆಲಸಗಾರರ ಮಕ್ಕಳಿಗೆ ಮನೆಯಲ್ಲಿ ಏನೂ ಇಲ್ಲ, ಅವರು ಇನ್ನೆಲ್ಲಿಗೆ ಹೋಗಬೇಕು ಎಂದು ಅತ್ತೆ ಎದ್ದು ನಿಂತರು.

"ನಾನೇ ಕಾವಲು ಕೂರ್ತೀನಿ ಯಜಮಾನ್ರೇ. ಒಂದೇ ಒಂದು ಎಡವಟ್ಟಾದ್ರೂ ನಾನೇ ಬಂದು ಹೇಳ್ತೀನಿ. ಆಮೇಲೆ ಬೀಗ ಹಾಕ್ಕೊಳ್ಳಿ!"

ಆಗ ಅತ್ತೆಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮೊದಲಿಗೆ ಚಿಕ್ಕಮಗಳೂರಿನಿಂದ ಟೆಕ್ನಿಷಿಯನ್ ಒಬ್ಬನನ್ನು ಕರೆಸಿ, ಕೆಟ್ಟದ್ದನ್ನೆಲ್ಲ ತಡೆಯುವ ಫಿಲ್ಟರ್ ಹಾಕಿಸಿದರು. "ಎಷ್ಟು ಬಿಗಿ ಮಾಡ್ಲಿ ಅಮ್ಮಾ?" ಎಂದು ಆತ ಕೇಳಿದ. "ನಿನ್ನತ್ರ ಇರೋದ್ರಲ್ಲಿ ಅತಿ ಬಿಗಿ ಯಾವ್ದೋ ಅದು!" ಎಂದರು ಅತ್ತೆ. ಮಾರನೆಯ ಬೆಳಿಗ್ಗೆ ಕಾಫಿ ರೇಟು ನೋಡಲು ಬಂದ ಬೆಳೆಗಾರರಿಗೆ ಕಂಡಿದ್ದೇನು? ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ: ಇದು ಜೂಜಿನ ತಾಣ, ಪ್ರವೇಶವಿಲ್ಲ! ದಿನವಿಡೀ ರೇಟು ಏರಿಳಿಯುವ ಆ ಪುಟವನ್ನು ಫಿಲ್ಟರು ಇಸ್ಪೀಟಿನ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು. ಬೆಳೆಗಾರರು ಕೂಗಾಡಿದರು. ಅತ್ತೆ ಜಗ್ಗಲಿಲ್ಲ.

"ಅದೇನು ಸುಳ್ಳು ಹೇಳಿದ್ಯಾ? ಇನ್ನೂ ಏರತ್ತೆ, ಇನ್ನೂ ಏರತ್ತೆ ಅಂತ ಗೋಡೌನಲ್ಲಿ ಕಾಫಿ ಇಟ್ಕೊಂಡು ಕೂತವ್ರು ಯಾರು?"

ಒಬ್ಬೊಬ್ಬರಾಗಿ ಎಲ್ಲರೂ ಜೀಪು ಹತ್ತಿದರು.

ಫಿಲ್ಟರ್ ಎಷ್ಟು ಬಿಗಿಯಿದ್ದರೇನು? ವಾರ ಕಳೆಯುವುದರೊಳಗೆ ಎಂಟನೇ ಕ್ಲಾಸಿನವರು ಅದನ್ನು ದಾಟುವ ದಾರಿ ಹುಡುಕಿದ್ದರು. ಬೇರೆಯವರಾಗಿದ್ದರೆ ಬೆತ್ತ ಹುಡುಕುತ್ತಿದ್ದರು. ಅತ್ತೆಯ ಮುಖದಲ್ಲಿ ಮೆಚ್ಚುಗೆ! "ಸೋಲಾರ್ ಬೇಲಿ ಹಾಕಿದ್ರೆ ಆನೆ ಏನ್ಮಾಡತ್ತೆ? ಪಕ್ಕದ ಮರ ಬೀಳ್ಸಿ ದಾಟತ್ತೆ. ಹಾಗಂತ ಬೇಲಿ ಕಿತ್ತಾಕಕ್ಕಾಗತ್ತಾ ಮಾರಾಯ? ಬೇಲಿನೂ ಇರ್ಲಿ, ನಾನೂ ಇರ್ತೀನಿ" ಎಂದರು ನನಗೆ. ಅಂದಿನಿಂದ ಮಕ್ಕಳ ಬೆನ್ನ ಹಿಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಅತ್ತೆ, ಅವರ ತೊಡೆಯ ಮೇಲೊಂದು ಮೊರ. ಕೈ ಕಪ್ಪು ಕಾಫಿ ಬೀಜ ಆರಿಸುತ್ತಿತ್ತು, ಕಣ್ಣು ಮೂರು ಪರದೆಗಳ ಮೇಲಿರುತ್ತಿತ್ತು.

ತೋಟದ ಕಾನೂನನ್ನೂ ಅವರು ಲೈಬ್ರರಿಗೆ ತಂದರು. ನಮ್ಮ ಕಡೆ ಹಣ್ಣು ಕೊಯ್ಯುವಾಗ ಯಾರಿಗಾದರೂ ಆನೆ ಕಂಡರೆ, ಚೀಲ ಅಲ್ಲೇ ಬಿಟ್ಟು ಓಡಿ ಬಂದು ಹೇಳಬೇಕು. ಆ ಕಡೆ ಯಾಕೆ ಹೋದೆ, ಹಣ್ಣು ಯಾಕೆ ಚೆಲ್ಲಿದೆ ಎಂದು ಅತ್ತೆಯ ತೋಟದಲ್ಲಿ ಮೇಸ್ತ್ರಿಯೂ ಕೇಳುವಂತಿಲ್ಲ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಬಂದು ಹೇಳುತ್ತಾರೆಯೇ? "ಹೆದರಿಕೆ ಆಗೋದು, ನಾಚಿಕೆ ಆಗೋದು ಏನ್ ಕಂಡ್ರೂ ಎದ್ದು ಬನ್ನಿ. 'ಆನೆ' ಅಂದ್ರೆ ಸಾಕು. ಯಾಕೆ ಏನು ಅಂತ ನಾನು ಬೈಯಲ್ಲ" ಎಂದು ಮಕ್ಕಳಿಗೆ ಹೇಳಿದರು. ಮೊದಲ ದಿನವೇ ಲಾಟರಿ ಜಾಹೀರಾತೊಂದು ಕಂಡು ಮೂರು ಮಕ್ಕಳು ಒಟ್ಟಿಗೆ "ಆನೆ! ಆನೆ!" ಎಂದು ಕಿರುಚಿದ್ದೇ ತಡ, ಹೊರಗೆ ಹೊರನಾಡಿನ ಬಸ್ಸಿಗೆ ಕಾಯುತ್ತಿದ್ದವರೆಲ್ಲ ದಿಕ್ಕಾಪಾಲು! ಬಸ್ಸು ಖಾಲಿಯೇ ಹೋಯಿತು.

ಆಮೇಲೆ ಅತ್ತೆಗೆ ಪರೀಕ್ಷೆ ಮಾಡುವ ಹುಚ್ಚು ಹತ್ತಿತು. ನಾಯಿಮರಿಯ ಫೋಟೋ ಹಾಕಿ, ಸುಳ್ಳು ಹೆಸರಿನಲ್ಲಿ ಒಂದು ಖಾತೆ ತೆರೆದು, ಊರಿನವರಿಗೆಲ್ಲ ಸ್ನೇಹದ ಕೋರಿಕೆ ಕಳಿಸಿದರು. ಮಕ್ಕಳಲ್ಲಿ ಮುಕ್ಕಾಲು ಪಾಲು ಹುಷಾರಾಗಿ ಅದನ್ನು ಒಪ್ಪಿಕೊಳ್ಳದೆ ಬಿಟ್ಟರು. ಕಣ್ಣು ಮುಚ್ಚಿ ಒಪ್ಪಿಕೊಂಡವರು ನಮ್ಮಪ್ಪ! ಅಷ್ಟೇ ಅಲ್ಲ, ಆ ನಾಯಿಮರಿಗೆ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬೇರೆ.

"ಅಣ್ಣಯ್ಯಾ, ನೀನಿನ್ನು ಮಕ್ಕಳು ಜೊತೆಗಿಲ್ದೆ ಕಂಪ್ಯೂಟರ್ ಮುಟ್ಬೇಡ" ಎಂದು ಅತ್ತೆ ಅಪ್ಪಣೆ ಕೊಟ್ಟರು.

ಹೀಗೆ ಊರೆಲ್ಲ ನಗುತ್ತಿರುವಾಗ, ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಸಂಜೆ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅತ್ತೆಯ ಕುರ್ಚಿಯ ಪಕ್ಕ ಬಂದು ನಿಂತಳು. ಅಂಗಡಿ ಯಜಮಾನರ ಮಗಳು.

"ಅಜ್ಜಿ, ಆನೆ" ಎಂದಳು.

ಲೈಬ್ರರಿಯಲ್ಲಿ ಯಾವುದೋ ಆನ್‌ಲೈನ್ ಆಟದ ನಡುವೆ ಪರಿಚಯವಾದವನಿಗೆ ಅವಳು ಅಮ್ಮನ ಫೋನಿನಿಂದ ತನ್ನ ಫೋಟೋ ಕಳಿಸಿದ್ದಳು. ಈಗ ಅವನು ಅದನ್ನು ಕೆಟ್ಟದಾಗಿ ತಿದ್ದಿ ಊರಿಗೆಲ್ಲ ಹಂಚುತ್ತೇನೆ ಎಂದು ಹೆದರಿಸುತ್ತಿದ್ದ. ಅತ್ತೆ ಮೊರ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. ಯಾಕೆ ಕಳಿಸಿದೆ ಎಂದು ಕೇಳಲಿಲ್ಲ. ಅವಳ ತಾಯಿಯನ್ನು ಕರೆಸಿ, ಮೂವರೂ ಮೂಡಿಗೆರೆಯ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. "ಅಪ್ಪಂಗೆ ಗೊತ್ತಾದ್ರೆ ಶಾಲೆ ಬಿಡಿಸ್ತಾರೆ" ಎಂದು ಹುಡುಗಿ ದಾರಿಯುದ್ದಕ್ಕೂ ಅತ್ತಳಂತೆ.

"ಸಮಿತಿಗೆ ಹೇಳ್ಬೇಡಿ ಅತ್ತೆ. ಕಂಪ್ಯೂಟರಿಗೆ ಬೀಗ ಬೀಳತ್ತೆ" ಎಂದೆ ನಾನು.

"ಮುಚ್ಚಿಡ್ಬೇಡಿ ಅಂತ ಮಕ್ಕಳಿಗೆ ಹೇಳಿ ನಾನೇ ಮುಚ್ಚಿಡ್ಲಾ?" ಎಂದರು.

ಸಭೆ ಲೈಬ್ರರಿಯಲ್ಲೇ ಸೇರಿತು. ಎಡವಟ್ಟಾಗಿದೆ, ಒಂದು ಮಗು ಬಂದು ಹೇಳಿದೆ, ಪೊಲೀಸರಿಗೂ ತಿಳಿಸಿದ್ದೇವೆ ಎಂದು ಅತ್ತೆ ನೇರವಾಗಿ ಹೇಳಿದರು. ಯಜಮಾನರು ಮೇಜು ಗುದ್ದಿದರು.

"ನಾನು ಮೊದ್ಲೇ ಹೇಳಿದ್ನಲ್ಲ! ಯಾರ ಮಗು ಅದು? ಹೆಸ್ರು ಹೇಳಿ. ಅಂಥವ್ರನ್ನ ಮನೆಯಿಂದ ಹೊರಗೆ ಬಿಡೋದೇ ತಪ್ಪು!"

ಅತ್ತೆಗೆ ಮಕ್ಕಳಿಲ್ಲವೆಂದು ಊರಿಗೆಲ್ಲ ಗೊತ್ತು. ಅವರು ಎಂದೂ ಇಲ್ಲದಷ್ಟು ಮೆತ್ತಗೆ ಹೇಳಿದರು: "ನನ್ನ ಮಗು ಯಜಮಾನ್ರೇ. ಬೈಯೋದಿದ್ರೆ ನಂಗೆ ಬೈರಿ."

ಯಜಮಾನರು ಅತ್ತೆಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಕಿಟಕಿಯಾಚೆ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಮಗಳನ್ನೂ, ಅವಳ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದ ಹೆಂಡತಿಯನ್ನೂ ನೋಡಿದರು. ಆ ಮನುಷ್ಯನ ಮುಖದ ಬಣ್ಣವೇ ಇಳಿದುಹೋಯಿತು. "ಬೀಗದ ಮಾತು ಬೇಡ ಬಿಡಿ" ಎಂದಷ್ಟೇ ಹೇಳಿ ಹೊರಗೆ ನಡೆದರು.

ನನಗೆ ಗಾಬರಿಯಾಗಿ ಹಿಂದೆಯೇ ಓಡಿದೆ. ಹುಡುಗಿ ಎದ್ದು ಗೋಡೆಗೆ ಅಂಟಿ ನಿಂತಿದ್ದಳು. ಯಜಮಾನರು ಅವಳ ಎದುರು ನಿಂತು, ಕೈ ಎತ್ತಿ, ಅವಳ ತಲೆಯ ಮೇಲಿಟ್ಟರು.

"ಎಷ್ಟು ದಿನದಿಂದ ಒಬ್ಳೇ ಹೆದ್ರುಕೊಂಡಿದ್ದೆ ಮಗಳೇ?" ಎಂದರು.